ಬೊಂಬಾಯಿಯಲ್ಲಿ ಆಕಾಶದಿಂದ ಚಿನ್ನ ಬಿದ್ದ ದಿನ: 1944ರ ಡಾಕ್ ಸ್ಫೋಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲಿ ಅಗ್ನಿಶಾಮಕ ದಳದವರು ಆಸ್ಪತ್ರೆ, ಮಾರ್ಕೆಟ್ಟು, ಅಪಾರ್ಟ್‌ಮೆಂಟುಗಳ ಮುಂದೆ ಗಾಡಿ ತಂದು ನಿಲ್ಲಿಸುತ್ತಾರೆ. ತಗಡಿನ ಡಬ್ಬದಲ್ಲಿ ಬೆಂಕಿ ಹಚ್ಚುತ್ತಾರೆ. ಕೆಂಪು ಸಿಲಿಂಡರಿನ ಪಿನ್ ಎಳೆದು ಅದನ್ನು ಆರಿಸಿ ತೋರಿಸುತ್ತಾರೆ. ಹೋದ ವರ್ಷ ನಮ್ಮ ಬೀದಿಗೂ ಬಂದಿದ್ದರು. ಎಲ್ಲ ಮುಗಿದ ಮೇಲೆ ಪಕ್ಕದ ಮನೆಯ ಹುಡುಗ ಕೇಳಿದ, “ಅಂಕಲ್, ಇದನ್ನ ಏಪ್ರಿಲ್ 14ಕ್ಕೇ ಯಾಕೆ ಶುರು ಮಾಡ್ತಾರೆ?” ನಾನು ಬೊಂಬಾಯಿ ಹಡಗಿನ ಕಥೆ ಹೇಳತೊಡಗಿದೆ. ಚಿನ್ನದ ಗಟ್ಟಿಯ ಮಾತು ಬಂತು ನೋಡಿ, ಅವನ ಅಪ್ಪ, ಅಜ್ಜಿ, ವಾಚ್‌ಮನ್ ಎಲ್ಲ ಬಂದು ಸೇರಿಕೊಂಡರು.

ಅಲ್ಲಿಂದೀಚೆಗೆ ಈ ಕಥೆ ಯಾರಿಗೆ ಹೇಳಿದರೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅವತ್ತು ಏನಾಯಿತು? ಮೊದಲು ಚಿಕ್ಕದಾಗಿ ಹೇಳಿ.

1944ರ ಏಪ್ರಿಲ್ 14, ಶುಕ್ರವಾರ. ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ (ಡಾಕ್ ಅಂದರೆ ಬಂದರಿನೊಳಗೆ ಹಡಗು ನಿಲ್ಲಿಸಿ ಸರಕು ಇಳಿಸುವ ಜಾಗ) ಫೋರ್ಟ್ ಸ್ಟಿಕೀನ್ ಎಂಬ ಬ್ರಿಟಿಷ್ ಸರಕು ಹಡಗು ನಿಂತಿತ್ತು. ಮಧ್ಯಾಹ್ನ ಅದರೊಳಗೆ ಬೆಂಕಿ ಕಾಣಿಸಿತು. ಸುಮಾರು ಎರಡು ಗಂಟೆ ನೀರು ಹೊಡೆದರೂ ಆರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿದು ಎರಡು ಹೋಳಾಯಿತು. ಸತ್ತವರನ್ನು, ಗಾಯಗೊಂಡವರನ್ನು ಎತ್ತಲು ಜನ ಓಡಿ ಬಂದರು. ಅಷ್ಟರಲ್ಲಿ, 4 ಗಂಟೆ 34ಕ್ಕೆ, ಮತ್ತೊಂದು ಸಲ ಸಿಡಿಯಿತು. ಡಾಕ್, ಗೋದಾಮು, ಪಕ್ಕದ ಬೀದಿಗಳು ಎಲ್ಲ ಹೊತ್ತಿಕೊಂಡವು. ಬೆಂಕಿ ಹತೋಟಿಗೆ ಬರಲು ಮೂರು ದಿನ ಹಿಡಿಯಿತು.

ಆ ಹಡಗಿನಲ್ಲಿ ಅಂಥದ್ದೇನಿತ್ತು?

ಏನಿರಲಿಲ್ಲ ಅಂತ ಕೇಳಿ! ಅದು ಎರಡನೇ ಮಹಾಯುದ್ಧದ ಕಾಲ. ಹಡಗುಗಳಿಗೆ ಬರ. ಹೊರಟ ಹಡಗಿನಲ್ಲಿ ಒಂದು ಮೂಲೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ಫೋರ್ಟ್ ಸ್ಟಿಕೀನ್ 1942ರಲ್ಲಿ ಕೆನಡಾದಲ್ಲಿ ಕಟ್ಟಿದ ಹಡಗು. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಿತು. ಜಿಬ್ರಾಲ್ಟರ್, ಪೋರ್ಟ್ ಸಯೀದ್ ದಾಟಿ ಕರಾಚಿಗೆ ಬಂತು. ಅಲ್ಲಿಂದ ಏಪ್ರಿಲ್ 12ಕ್ಕೆ ಬೊಂಬಾಯಿಗೆ.

ಇಂಗ್ಲೆಂಡಿನಿಂದ ತಂದದ್ದರಲ್ಲಿ ಮುಖ್ಯವಾದದ್ದು ಸುಮಾರು 1,400 ಟನ್ ಮದ್ದುಗುಂಡು. ಟಾರ್ಪಿಡೊ, ಸಮುದ್ರದ ಮೈನ್, ಫಿರಂಗಿಯ ಶೆಲ್. ಇದರಲ್ಲಿ 238 ಟನ್ ‘ಎ’ ದರ್ಜೆಯದು, ಅಂದರೆ ತೀರಾ ನಾಜೂಕು ಸ್ಫೋಟಕ. ಜೊತೆಗೆ ಬಿಡಿಭಾಗ ಮಾಡಿ ಪೆಟ್ಟಿಗೆಗಳಲ್ಲಿ ಕಟ್ಟಿದ ಸ್ಪಿಟ್‌ಫೈರ್ ಯುದ್ಧವಿಮಾನಗಳು. ಮತ್ತೆ 31 ಮರದ ಪೆಟ್ಟಿಗೆಗಳಲ್ಲಿ ಚಿನ್ನ. ಇದರ ಕಥೆ ಮುಂದಿದೆ, ಸ್ವಲ್ಪ ತಾಳಿ.

ಕರಾಚಿಯಲ್ಲಿ ಇಳಿಸಿದ್ದಕ್ಕಿಂತ ತುಂಬಿಸಿದ್ದು ಮುಖ್ಯ. ಸಾವಿರಾರು ಬೇಲ್ ಹತ್ತಿ, ಪೀಪಾಯಿಗಟ್ಟಲೆ ಎಣ್ಣೆ, ಗುಜರಿ ಕಬ್ಬಿಣ, ಮರದ ದಿಮ್ಮಿ, ಅಕ್ಕಿ. ಹಡಗಿನ ಕ್ಯಾಪ್ಟನ್ ಅಲೆಕ್ಸಾಂಡರ್ ನೇಸ್ಮಿತ್ ಇದಕ್ಕೆ ಲಿಖಿತವಾಗಿಯೇ ಆಕ್ಷೇಪ ಹಾಕಿದ್ದ. ಉರಿಯುವುದು, ಸಿಡಿಯುವುದು ಏನೇನಿದೆಯೋ ಅಷ್ಟೂ ನನ್ನ ಹಡಗಿನಲ್ಲಿದೆ ಅಂತ ಹೇಳಿಕೊಂಡಿದ್ದನಂತೆ. ಆದರೂ ತುಂಬಿದರು.

ಹತ್ತಿಯನ್ನು ಮದ್ದಿನ ಪಕ್ಕ ಇಡುವಷ್ಟು ದಡ್ಡರಾ ಅವರು?

ಪಕ್ಕ ಇಟ್ಟಿದ್ದರೆ ಒಂದು ಮಾತು. ಕೆಳಗೆ ಇಟ್ಟಿದ್ದರು. ಎರಡನೇ ನಂಬರಿನ ಸರಕು ಕೋಣೆಯಲ್ಲಿ ತಳಕ್ಕೆ ಹತ್ತಿ, ಅದರ ಮೇಲೆ ಮದ್ದುಗುಂಡು. ಒಲೆಯ ಮೇಲೆ ಪಾತ್ರೆ ಇಟ್ಟ ಹಾಗೆ.

ಇದು ದಡ್ಡತನ ಅನ್ನುವುದಕ್ಕಿಂತ ಅವಸರ. ಸಿಂಧ್, ಪಂಜಾಬ್ ಕಡೆಯ ಹತ್ತಿಯನ್ನು ಆಗ ರೈಲಿನಲ್ಲಿ ಬೊಂಬಾಯಿಗೆ ಕಳಿಸುವ ಹಾಗಿರಲಿಲ್ಲ, ನಿಷೇಧ ಇತ್ತು. ರೈಲುಗಳೆಲ್ಲ ಯುದ್ಧದ ಕೆಲಸಕ್ಕೆ ಬೇಕಿತ್ತು. ಬೊಂಬಾಯಿಯ ಮಿಲ್ಲುಗಳಿಗೋ ಹತ್ತಿ ಬೇಕೇ ಬೇಕು. ಉಳಿದದ್ದು ಸಮುದ್ರದ ದಾರಿ. ಕರಾಚಿಯಲ್ಲಿ ಸ್ವಲ್ಪ ಜಾಗ ಖಾಲಿಯಾದ ಹಡಗು ಸಿಕ್ಕಿತು, ತುರುಕಿದರು. ನಮ್ಮ ಟೆಂಪೋದವರು ಸಿಲಿಂಡರಿನ ಮೇಲೆ ಹಾಸಿಗೆ ಹೇರಿಕೊಂಡು ಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಕಿ ಹೊತ್ತಿಸಿದ್ದು ಯಾರು? ಜಪಾನಿನವರ ಕೈವಾಡವಾ?

ಅವತ್ತು ಬೊಂಬಾಯಿಯಲ್ಲಿ ಬಹಳ ಜನ ಹಾಗೇ ಅಂದುಕೊಂಡರು. ಅಂದುಕೊಳ್ಳುವುದು ಸಹಜ. ಅದೇ ಏಪ್ರಿಲ್‌ನಲ್ಲಿ ಜಪಾನಿ ಸೈನ್ಯ ಇಂಫಾಲ, ಕೊಹಿಮಾಗಳ ಮೇಲೆ ಮುತ್ತಿಗೆ ಹಾಕಿತ್ತು. ಇಲ್ಲಿ ಢಮಾರ್ ಅಂತ ಕೇಳಿಸಿದರೆ ಮೊದಲು ನೆನಪಾಗುವುದು ವಿಮಾನ, ಬಾಂಬು. ಎಷ್ಟೋ ಜನ ಊರು ಬಿಟ್ಟು ಓಡಲು ಸ್ಟೇಷನ್ ಕಡೆ ನುಗ್ಗಿದರು.

ಆದರೆ ವಿಚಾರಣೆಯಲ್ಲಿ ಹಾಗೆ ಕಂಡುಬರಲಿಲ್ಲ. ಬೆಂಕಿ ಹುಟ್ಟಿದ್ದು ಹತ್ತಿಯಲ್ಲೇ ಇರಬೇಕು, ಆಕಸ್ಮಿಕವಾಗಿ, ಎಂದು ತೀರ್ಮಾನವಾಯಿತು. ಸರಕು ಕೋಣೆಯಲ್ಲಿ ಯಾರೋ ಸೇದಿ ಎಸೆದ ಬೀಡಿಯೋ ಸಿಗರೇಟೋ ಕಾರಣ ಇರಬಹುದು ಅನ್ನುವ ಮಾತು ಆಗಿನಿಂದಲೂ ಇದೆ. ಒಂದು ಬೀಡಿ ತುಂಡು! ಸುಮ್ನೆ ಊಹಿಸಿ.

ಎರಡು ಗಂಟೆ ಟೈಮ್ ಇತ್ತಲ್ಲ, ಅಷ್ಟು ಹೊತ್ತು ಏನು ಮಾಡುತ್ತಿದ್ದರು?

ನನಗೆ ಈ ಇಡೀ ಕಥೆಯಲ್ಲಿ ನಿದ್ದೆ ಕೆಡಿಸುವ ಭಾಗ ಇದೇ. ಸ್ಫೋಟ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿ ಹೋಗುವುದು ಅಂದುಕೊಳ್ಳುತ್ತೇವೆ. ಇದು ಹಾಗಲ್ಲ. ಇದು ನಿಧಾನವಾಗಿ, ಎಲ್ಲರ ಕಣ್ಣೆದುರೇ ಬಂತು.

ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೇ ಹತ್ತಿರದ ಹಡಗಿನವರಿಗೆ ಫೋರ್ಟ್ ಸ್ಟಿಕೀನ್ ಕಡೆಯಿಂದ ಹೊಗೆ ಏಳುವುದು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ಆ ಹಡಗಿನಲ್ಲೇ ಅಷ್ಟು ಜನ ಇದ್ದಾರೆ, ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡಿರಬೇಕು. ಬೀದಿಯಲ್ಲಿ ಕರೆಂಟ್ ಹೋದಾಗ ಯಾರೋ ಫೋನ್ ಮಾಡಿರ್ತಾರೆ ಬಿಡು ಅಂತ ನಾವೆಲ್ಲ ಸುಮ್ಮನಿರುತ್ತೇವಲ್ಲ, ಥೇಟ್ ಹಾಗೆ. ಹಡಗಿನವರಿಗೆ ಗೊತ್ತಾದಾಗ ಸುಮಾರು 2 ಗಂಟೆ.

ನೀರು ಹೊಡೆಯಲು ಶುರು ಮಾಡಿದರು. ಡಾಕ್‌ನ ಪಂಪುಗಳು, ಬೆಂಕಿ ಆರಿಸುವ ದೋಣಿಗಳು ಎಲ್ಲ ಸೇರಿ 900 ಟನ್‌ಗೂ ಜಾಸ್ತಿ ನೀರು ಸುರಿದವು. ಆದರೆ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಬೆಂಕಿ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಕಾಣದ ಕಡೆಗೆ ನೀರು ಬಿಡುತ್ತಿದ್ದರು. ನಗರದ ಫೈರ್ ಬ್ರಿಗೇಡಿಗೆ ಸುದ್ದಿ ಮುಟ್ಟಿದ್ದೇ ತಡವಾಗಿ. ಮುಟ್ಟಿದ ಮೇಲೂ ಬಂದವರಿಗೆ ತಾವು ಎಂಥ ಹಡಗಿನ ಮೇಲೆ ಹತ್ತುತ್ತಿದ್ದೇವೆ ಅನ್ನುವುದು ನೋಡಿದ ಕೂಡಲೇ ಗೊತ್ತಾಗುವ ಹಾಗಿರಲಿಲ್ಲ. ಅಪಾಯದ ಸರಕು ಇರುವ ಹಡಗು ಕೆಂಪು ಬಾವುಟ ಹಾರಿಸಬೇಕು, ಅದು ನಿಯಮ. ಫೋರ್ಟ್ ಸ್ಟಿಕೀನ್ ಮೇಲೆ ಕೆಂಪು ಬಾವುಟ ಇರಲಿಲ್ಲ.

ಅಧಿಕಾರಿಗಳು ಬಂದರು. ಒಬ್ಬೊಬ್ಬರದು ಒಂದೊಂದು ಸಲಹೆ. ಹಡಗನ್ನು ಇಲ್ಲೇ ಮುಳುಗಿಸಿಬಿಡಿ ಅಂತ ಒಂದು. ಆದರೆ ಡಾಕ್‌ನಲ್ಲಿ ಅಷ್ಟು ಆಳ ಇಲ್ಲ, ಹಡಗು ತಳ ಮುಟ್ಟಿದರೂ ಮೇಲಿನ ಭಾಗ ನೀರಿನ ಹೊರಗೇ ಉಳಿಯುತ್ತದೆ. ಸಮುದ್ರಕ್ಕೆ ಎಳೆದುಕೊಂಡು ಹೋಗಿ ಅಂತ ಇನ್ನೊಂದು. ಹಡಗಿನ ಎಂಜಿನ್ ರಿಪೇರಿಗೆ ಬಿಚ್ಚಿತ್ತು, ತಾನಾಗಿ ಕದಲುವ ಹಾಗಿರಲಿಲ್ಲ. ಇಲ್ಲ, ಇಲ್ಲೇ ನಿಂತು ಆರಿಸೋಣ ಅಂತ ಮತ್ತೊಂದು. ಹಡಗಿನ ಮೈಗೆ ತೂತು ಕೊರೆದು ಬೆಂಕಿಯ ಹತ್ತಿರ ನೀರು ಬಿಡೋಣ ಅಂತ ಗ್ಯಾಸ್ ಕಟರ್ ತರಿಸಿದರು, ಅದು ಕೆಲಸ ಮಾಡಲಿಲ್ಲ.

ಮದ್ದುಗುಂಡಿನ ವಿಷಯ ಗೊತ್ತಿದ್ದವನಿಗೆ ಡಾಕ್ ಮೇಲೆ ಅಧಿಕಾರ ಇಲ್ಲ. ಡಾಕ್ ನೋಡಿಕೊಳ್ಳುವವನಿಗೆ ಹಡಗಿನ ಮೇಲೆ ಅಧಿಕಾರ ಇಲ್ಲ. ಹಡಗು ಕ್ಯಾಪ್ಟನ್‌ನದು, ಬೆಂಕಿ ಫೈರ್ ಬ್ರಿಗೇಡಿನದು. ‘ಇದು ಮಾಡಿ’ ಅಂತ ಒಂದೇ ಮಾತಿನಲ್ಲಿ ಹೇಳುವವರು ಯಾರೂ ಇರಲಿಲ್ಲ. ನಡುವೆ ಹೊತ್ತು ಓಡುತ್ತಿತ್ತು.

ಹಡಗಿನ ಕಬ್ಬಿಣ ಕಾಯತೊಡಗಿತು. ಸುರಿದ ನೀರು ಕುದಿಯುತ್ತಿತ್ತು. ಅದರ ಮೇಲೆ ನಿಂತು ಫೈರ್‌ಮನ್‌ಗಳು ಪೈಪ್ ಹಿಡಿದಿದ್ದರು. 3 ಗಂಟೆ 50ಕ್ಕೆ ಕ್ಯಾಪ್ಟನ್ ಹಡಗು ಬಿಟ್ಟು ಇಳಿಯಿರಿ ಎಂದ. ಅಲ್ಲಿಂದ 16 ನಿಮಿಷ. ನೇಸ್ಮಿತ್ ಕೂಡ ಅಲ್ಲೇ ಸತ್ತ.

ನೀರು ಹಾಕಿದ್ದೇ ತಪ್ಪಾಯಿತು ಅಂತಾರಲ್ಲ?

ಪೂರ್ತಿ ಅಲ್ಲ, ಆದರೆ ಆ ಮಾತಿನಲ್ಲಿ ಹುರುಳಿದೆ. ನಮ್ಮ ಹುಬ್ಬಳ್ಳಿ, ದಾವಣಗೆರೆ ಕಡೆ ಹತ್ತಿ ಗೋದಾಮು ನೋಡಿದವರಿಗೆ ಗೊತ್ತಿರುತ್ತದೆ. ಬೇಲ್ ಅಂದರೆ ಅಂಡಿಗೆಯಲ್ಲಿ ಸಡಿಲವಾಗಿ ತುಂಬಿದ ಹತ್ತಿಯಲ್ಲ. ಪ್ರೆಸ್ಸಿನಲ್ಲಿ ಒತ್ತಿ ಪಟ್ಟಿ ಬಿಗಿದದ್ದು. ಅದಕ್ಕೆ ಕಿಡಿ ತಾಗಿದರೆ ಧಗ್ ಅಂತ ಉರಿಯುವುದಿಲ್ಲ. ಒಳಗೊಳಗೇ ಕನಲುತ್ತದೆ. ಮೇಲೆ ನೀರು ಸುರಿದರೆ ಹೊರಮೈ ಒದ್ದೆಯಾಗುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ.

ಇನ್ನೊಂದು ಸಂಗತಿ ಇದೆ. ಬೇಲ್ ತೇಲುತ್ತದೆ. ತಳದಲ್ಲಿದ್ದ ಹತ್ತಿಯ ಕೋಣೆಗೆ ನೂರಾರು ಟನ್ ನೀರು ಬಿಟ್ಟಾಗ, ನೀರು ಏರಿದ ಹಾಗೆ ಉರಿಯುವ ಹತ್ತಿಯೂ ಏರಿತು. ಮೇಲೇನಿತ್ತು? ಮದ್ದುಗುಂಡು. ಪಾಪ, ಪೈಪ್ ಹಿಡಿದವರು ತಾವು ಬೆಂಕಿಯನ್ನು ಎತ್ತಿ ಮದ್ದಿನ ಹತ್ತಿರ ಒಯ್ಯುತ್ತಿದ್ದೇವೆ ಅಂತ ಹೇಗೆ ತಿಳಿದಾರು?

ಸರಕು ಕೋಣೆ ಮುಚ್ಚಿ ಒಳಗೆ ಹಬೆ ಬಿಡಬೇಕಿತ್ತು, ಅದನ್ನು ಮಾಡಲಿಲ್ಲ ಅಂತ ಆಮೇಲೆ ವಿಚಾರಣಾ ಆಯೋಗ ಹೇಳಿತು. ಗಾಳಿ ತಪ್ಪಿಸಿ ಉಸಿರು ಕಟ್ಟಿಸುವ ಉಪಾಯ ಅದು. ತಮಾಷೆ ನೋಡಿ, ಮೂರು ವರ್ಷದ ನಂತರ ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಒಂದು ಹಡಗಿಗೆ ಬೆಂಕಿ ಬಿದ್ದಾಗ ಬಾಗಿಲು ಮುಚ್ಚಿ ಹಬೆಯನ್ನೇ ಬಿಟ್ಟರು. ಅಲ್ಲಿದ್ದದ್ದು ಅಮೋನಿಯಂ ನೈಟ್ರೇಟ್ ಗೊಬ್ಬರ. ಅದಕ್ಕೆ ಹೊರಗಿನ ಗಾಳಿ ಬೇಕಿಲ್ಲ, ತನಗೆ ಬೇಕಾದ ಆಮ್ಲಜನಕ ತನ್ನಲ್ಲೇ ಇರುತ್ತದೆ. ಹಬೆಯಿಂದ ಅದು ಇನ್ನಷ್ಟು ಕಾಯಿತು, ಸಿಡಿಯಿತು. ಇಲ್ಲಿ ಬಿಡದೆ ಕೆಟ್ಟಿತು, ಅಲ್ಲಿ ಬಿಟ್ಟು ಕೆಟ್ಟಿತು.

ಸ್ಫೋಟ ಎಷ್ಟು ಜೋರಾಗಿತ್ತು?

12 ಕಿಲೋಮೀಟರ್ ದೂರದ ಕಿಟಕಿ ಗಾಜುಗಳು ಒಡೆದವು. ಸದ್ದು 80 ಕಿಲೋಮೀಟರ್ ಆಚೆಗೂ ಕೇಳಿಸಿತು. ಕೊಲಾಬಾ ವೀಕ್ಷಣಾಲಯದ ಭೂಕಂಪ ಅಳೆಯುವ ಯಂತ್ರದಲ್ಲಿ ಎರಡೂ ಸ್ಫೋಟ ದಾಖಲಾದವು. ಸುಮಾರು 1,400 ಕಿಲೋಮೀಟರ್ ದೂರದ ಶಿಮ್ಲಾದ ಯಂತ್ರಕ್ಕೂ ನಡುಕ ಮುಟ್ಟಿತು.

ನನಗೆ ಅಂಕಿಗಿಂತ ಜಾಸ್ತಿ ಮನಸ್ಸಿನಲ್ಲಿ ಉಳಿದದ್ದು ಜಲಪದ್ಮ. ಅದು ಫೋರ್ಟ್ ಸ್ಟಿಕೀನ್ ಹತ್ತಿರ ನಿಲ್ಲಿಸಿದ್ದ ಇನ್ನೊಂದು ಹಡಗು. ದೋಣಿಯಲ್ಲ, ಸಾವಿರಾರು ಟನ್ನಿನ ಹಡಗು. ಸ್ಫೋಟದ ಅಲೆ ಅದನ್ನು ನೀರಿನಿಂದ ಎತ್ತಿ ದಕ್ಕೆಯ ಮೇಲೆ ಕೂರಿಸಿಬಿಟ್ಟಿತು. ಮಕ್ಕಳು ಸ್ನಾನದ ಬಕೆಟ್ಟಿನಿಂದ ಆಟದ ಹಡಗನ್ನು ಎತ್ತಿ ಅಂಚಿನ ಮೇಲೆ ಇಟ್ಟ ಹಾಗೆ. ಒಟ್ಟು 13 ಹಡಗುಗಳು ಹಾಳಾದವು.

ಮೇಲೆ ಹಾರಿದ್ದೆಲ್ಲ ಕೆಳಗೆ ಬೀಳಲೇಬೇಕಲ್ಲ. ಉರಿಯುವ ಹತ್ತಿ ಬೇಲ್‌ಗಳು ಆಕಾಶದಿಂದ ಮಳೆಯ ಹಾಗೆ ಸುರಿದವು. ಗೋದಾಮಿನ ಮೇಲೆ, ಬೇರೆ ಹಡಗುಗಳ ಮೇಲೆ, ಡಾಕ್‌ಗೆ ತಾಗಿಕೊಂಡಿದ್ದ ಜೋಪಡಿಗಳ ಮೇಲೆ. ಕೆಂಪಗೆ ಕಾದ ಕಬ್ಬಿಣದ ಚೂರುಗಳು ಬೇರೆ. ಹಡಗಿನ ಸುತ್ತ 800 ಮೀಟರ್‌ವರೆಗೆ ಬೆಂಕಿಯೋ ಬೆಂಕಿ. ಜೋಪಡಿಗಳಲ್ಲಿದ್ದವರು ಹೆಚ್ಚಾಗಿ ಡಾಕ್‌ನಲ್ಲೇ ಹಮಾಲಿ ಮಾಡಿ ಬದುಕುವ ಕುಟುಂಬಗಳು.

ಚಿನ್ನ ಬಿದ್ದದ್ದು ನಿಜಾನಾ? ಕಟ್ಟುಕಥೆ ಅನ್ನಿಸುತ್ತೆ.

ನಿಜ. 31 ಪೆಟ್ಟಿಗೆ, ಪೆಟ್ಟಿಗೆಗೆ 4 ಗಟ್ಟಿ, ಒಟ್ಟು 124 ಗಟ್ಟಿ. ಆಗಿನ ಬೆಲೆಯಲ್ಲಿ ಸುಮಾರು 8 ಲಕ್ಷ 90 ಸಾವಿರ ಪೌಂಡ್. ಯುದ್ಧದಿಂದ ಇಲ್ಲಿ ಬೆಲೆಗಳು ಗಗನಕ್ಕೇರಿದ್ದವು, ರೂಪಾಯಿಯನ್ನು ಹಿಡಿದು ನಿಲ್ಲಿಸಲು ಲಂಡನ್ನಿನಿಂದ ಚಿನ್ನ ಬರುತ್ತಿತ್ತು. ಭದ್ರವಾಗಿರಲಿ ಅಂತ ಆ ಮರದ ಪೆಟ್ಟಿಗೆಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೆಸುಗೆ ಹಾಕಿದ್ದರು. ಇಟ್ಟದ್ದೆಲ್ಲಿ? ಅದೇ ಎರಡನೇ ನಂಬರಿನ ಸರಕು ಕೋಣೆಯಲ್ಲಿ!

ಹಡಗು ಸಿಡಿದಾಗ ಗಟ್ಟಿಗಳು ದಿಕ್ಕಾಪಾಲಾದವು. ಹೆಚ್ಚಿನವು ಡಾಕ್‌ನ ಕೆಸರಿಗೆ ಹೋದವು. ಕೆಲವು ಊರೊಳಗೆ ಹಾರಿದವು. ಇದರಲ್ಲಿ ಒಂದು ಕಥೆ ಬೊಂಬಾಯಿಯವರ ಬಾಯಲ್ಲಿ ಇನ್ನೂ ಇದೆ. ಡಾಕ್‌ನಿಂದ ಒಂದೂವರೆ ಕಿಲೋಮೀಟರ್ ಆಚೆ ಮೂರನೇ ಮಹಡಿಯಲ್ಲಿ ಒಬ್ಬ ಪಾರ್ಸಿ ವೃದ್ಧರು ಇದ್ದರು, ನಿವೃತ್ತ ಎಂಜಿನಿಯರ್. ಧಡ್ ಅಂತ ಸದ್ದಾಯಿತು. ವರಾಂಡಕ್ಕೆ ಬಂದು ನೋಡಿದರೆ ತಗಡಿನ ಮಾಡಿಗೆ ತೂತು, ನೆಲದ ಮೇಲೆ ಚಿನ್ನದ ಗಟ್ಟಿ. ಹತ್ತು ಕಿಲೋಗೂ ಮೀರಿದ ತೂಕ. ಅವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಸರ್ಕಾರ 999 ರೂಪಾಯಿ ಬಹುಮಾನ ಕೊಟ್ಟಿತು. ಒಂದು ರೂಪಾಯಿ ಕಡಿಮೆ ಯಾಕೆ ಅಂತ ನಾನೂ ತಲೆ ಕೆರೆದುಕೊಂಡಿದ್ದೇನೆ. ಆ ದುಡ್ಡನ್ನೂ ಅವರು ಪರಿಹಾರ ನಿಧಿಗೇ ಕೊಟ್ಟರಂತೆ.

ಎಷ್ಟು ಜನ ಸತ್ತರು?

ಇಲ್ಲಿಗೆ ಬಂದಾಗ ನನ್ನ ದನಿ ತಗ್ಗುತ್ತದೆ. 800 ಅನ್ನುವ ಲೆಕ್ಕ ಇದೆ, 1,300 ಅನ್ನುವ ಲೆಕ್ಕವೂ ಇದೆ. ಡಾಕ್ ಮತ್ತು ಫೈರ್ ಬ್ರಿಗೇಡಿನ ಕಡೆಯವರು 231 ಜನ ಅಂತ ದಾಖಲಾಗಿದೆ. ಅದರಲ್ಲಿ 66 ಜನ ಫೈರ್‌ಮನ್‌ಗಳು. ಊರ ಜನ 500ಕ್ಕೂ ಹೆಚ್ಚು. ಗಾಯಗೊಂಡವರು 2,500ಕ್ಕೂ ಹೆಚ್ಚು. ಮನೆ ಕಳೆದುಕೊಂಡವರು ಸುಮಾರು 80,000.

ಒಂದು ವಿಷಯ ಗಮನಿಸಿ. ಚಿನ್ನದ ಗಟ್ಟಿ ಎಷ್ಟು ಅಂದರೆ 124, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಜನ ಎಷ್ಟು ಅಂದರೆ 800ರಿಂದ 1,300. ನಡುವಿನ 500 ಜನರಲ್ಲಿ ಹಮಾಲಿಗಳಿದ್ದರು, ಜೋಪಡಿಯ ಹೆಂಗಸರು ಮಕ್ಕಳಿದ್ದರು ಅಂತ ಬೇರೆ ಹೇಳಬೇಕಾ? ಅವರ ಹೆಸರು ಯಾವ ಮಸ್ಟರ್ ರೋಲಿನಲ್ಲೂ ಇರಲಿಲ್ಲ. ಈ ಕಥೆಗೆ ಯಾರು ತಲೆಬರಹ ಕೊಟ್ಟರೂ ಚಿನ್ನದ ಮಳೆ ಅಂತಲೇ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ, ಮೇಲೆ ನೋಡಿ.

ಆ ಕಾಲದ ಪೇಪರ್‌ನಲ್ಲಿ ದೊಡ್ಡ ಸುದ್ದಿಯಾಗಿರಬೇಕಲ್ವಾ?

ಆಗಲು ಬಿಡಲಿಲ್ಲ. ಯುದ್ಧದ ಸೆನ್ಸಾರ್ ಇತ್ತು. ಇಡೀ ಬೊಂಬಾಯಿ ಹೊಗೆ ನೋಡುತ್ತಿದೆ, ಕಿಟಕಿ ಗಾಜು ಗುಡಿಸುತ್ತಿದೆ, ಆದರೆ ವರದಿಗಾರರಿಗೆ ಸುದ್ದಿ ಹೊರಗೆ ಕಳಿಸಲು ಅನುಮತಿ ಸಿಕ್ಕಿದ್ದು ಮೇ ಎರಡನೇ ವಾರದಲ್ಲಿ. ಜಗತ್ತಿಗೆ ಮೊದಲು ವಿವರವಾಗಿ ಹೇಳಿದ್ದು ಯಾರು ಗೊತ್ತಾ? ಶತ್ರುಗಳು. ಜಪಾನಿನ ಹಿಡಿತದಲ್ಲಿದ್ದ ರೇಡಿಯೊ ಸೈಗಾನ್ ಮಾರನೇ ದಿನವೇ, ಏಪ್ರಿಲ್ 15ಕ್ಕೆ, ಎಲ್ಲವನ್ನೂ ಬಿತ್ತರಿಸಿತು. ಸೆನ್ಸಾರ್ ಮಾಡಿದ್ದು ಯಾರಿಂದ ಮುಚ್ಚಿಡಲೋ ಅವರಿಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ನಮ್ಮವರು.

ತಪ್ಪು ಯಾರದು ಅಂತ ಆಯಿತು?

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅದು ಒಂದಲ್ಲ, ಹಲವು ತಪ್ಪು ಎತ್ತಿ ತೋರಿಸಿತು. ಹತ್ತಿಯ ಮೇಲೆ ಮದ್ದು ಇಟ್ಟದ್ದು, ಕೆಂಪು ಬಾವುಟ ಹಾರಿಸದೆ ಇದ್ದದ್ದು, ಬಂದು ಎರಡು ದಿನವಾದರೂ ಸ್ಫೋಟಕ ಇಳಿಸದೆ ತಡ ಮಾಡಿದ್ದು, ಹಬೆ ಬಳಸದೆ ಇದ್ದದ್ದು, ಫೈರ್ ಬ್ರಿಗೇಡಿಗೆ ತಡವಾಗಿ ಹೇಳಿದ್ದು. ಇದರಲ್ಲಿ ಯಾವುದಾದರೂ ಒಂದು ತಪ್ಪು ಆಗದೆ ಇದ್ದಿದ್ದರೂ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಹೊಣೆಯನ್ನು ಸರ್ಕಾರ ಒಪ್ಪಿಕೊಂಡಿತು. ಆಸ್ತಿ ಕಳೆದುಕೊಂಡು ಅರ್ಜಿ ಹಾಕಿದವರಿಗೆ ಪರಿಹಾರ ಕೊಟ್ಟಿತು. ಅರ್ಜಿ ಹಾಕಲು ಆಸ್ತಿ ಇರಬೇಕು, ಅದು ಬೇರೆ ಮಾತು.

ಡಾಕ್ ಮತ್ತೆ ಶುರುವಾಗಲು ಎಷ್ಟು ಕಾಲ ಬೇಕಾಯಿತು?

ಸುಮಾರು 8,000 ಜನ ಏಳು ತಿಂಗಳು ದುಡಿದರು. ಅಂದಾಜು 5 ಲಕ್ಷ ಟನ್ ಅವಶೇಷ ಎತ್ತಿ ಹಾಕಿದರು. ಯುದ್ಧಕ್ಕೆ ಬೇಕಾದ ಬಂದರು, ಅದಕ್ಕೇ ಅಷ್ಟು ಬೇಗ.

ಊರಿನ ಹೊಟ್ಟೆಗೆ ಬಿದ್ದ ಹೊಡೆತ ಮಾತ್ರ ಅಷ್ಟು ಸುಲಭಕ್ಕೆ ಮಾಯಲಿಲ್ಲ. ಡಾಕ್‌ನ ಗೋದಾಮುಗಳಲ್ಲಿದ್ದ 50,000 ಟನ್‌ಗೂ ಹೆಚ್ಚು ಕಾಳುಕಡಿ ನಾಶವಾಯಿತು, ಅಕ್ಕಿಯೂ ಸೇರಿ. ಹಿಂದಿನ ವರ್ಷವಷ್ಟೇ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು. ಅಂಥ ಕಾಲದಲ್ಲಿ ಇಷ್ಟು ಅಕ್ಕಿ ಸುಟ್ಟು ಹೋದರೆ ಏನಾಗುತ್ತದೆ? ಇದ್ದವರು ಬಚ್ಚಿಟ್ಟರು, ಕಾಳಸಂತೆ ಬೆಳೆಯಿತು. ಸುಮಾರು 6,000 ಸಣ್ಣ ದೊಡ್ಡ ವ್ಯಾಪಾರಗಳು ಪೆಟ್ಟು ತಿಂದವು, 50,000 ಜನರ ಕೆಲಸ ಹೋಯಿತು.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ಇದೆ, ಆದರೆ ಎಳೆದು ದೊಡ್ಡದು ಮಾಡುವುದು ಬೇಡ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಬೊಂಬಾಯಿ ಪ್ರಾಂತ್ಯದಲ್ಲೇ ಇದ್ದವು. ಅಲ್ಲಿನವರಿಗೆ ಬೊಂಬಾಯಿ ಅಂದರೆ ಪರಊರಲ್ಲ, ರಾಜಧಾನಿ. ಉಡುಪಿ, ಮಂಗಳೂರು ಕಡೆಯವರು ಹೋಟೆಲ್, ಬಂದರು, ಮಿಲ್ಲು ಅಂತ ಅದಕ್ಕೂ ಮೊದಲಿನಿಂದಲೇ ಅಲ್ಲಿಗೆ ಹೋಗುತ್ತಿದ್ದರು. ಹಳೆ ತಲೆಮಾರಿನ ಮುಂಬಯಿ ಕನ್ನಡಿಗರು, ತುಳುವರು ಯಾರಾದರೂ ನಿಮಗೆ ಗೊತ್ತಿದ್ದರೆ ಕೇಳಿ ನೋಡಿ. ಅವರ ಅಪ್ಪನೋ ಅಜ್ಜನೋ ಹೇಳಿದ ಒಂದು ಮಾತು ಸಿಕ್ಕರೂ ಸಿಗಬಹುದು.

ಪ್ರತಿ ವರ್ಷದ ನಂಟು ಅಂದರೆ ಮೊದಲಿಗೇ ಹೇಳಿದ ಆ ಬೆಂಕಿ ಆರಿಸಿ ತೋರಿಸುವ ಫೈರ್ ಸರ್ವಿಸ್ ವೀಕ್. ಆ 66 ಜನರ ನೆನಪಿಗಾಗಿಯೇ ಇಡೀ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ಅವತ್ತು ಅಂಬೇಡ್ಕರ್ ಜಯಂತಿಯೂ ಹೌದು, ಹಾಗಾಗಿ ಕ್ಯಾಲೆಂಡರಿನ ಸಣ್ಣ ಚೌಕದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ. ಇನ್ನು ಟೈಟಾನಿಕ್ ಹಿಮಗಡ್ಡೆಗೆ ಬಡಿದದ್ದೂ ಏಪ್ರಿಲ್ 14ರ ರಾತ್ರಿಯೇ, 1912ರಲ್ಲಿ. ಆ ಹಡಗಿನ ಕಥೆ ನಮ್ಮ ಹಳ್ಳಿ ಮಕ್ಕಳಿಗೂ ಗೊತ್ತು.

ಇಂಥದ್ದು ಬೇರೆಲ್ಲಾದರೂ ಆಗಿದೆಯಾ?

ಬೇಕಾದಷ್ಟು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 1917ರ ಡಿಸೆಂಬರ್ 6ರಂದು ಮದ್ದು ತುಂಬಿದ ಮೋಂಟ್ ಬ್ಲಾಂಕ್ ಹಡಗು ಸಿಡಿದು 1,700ಕ್ಕೂ ಹೆಚ್ಚು ಜನ ಸತ್ತರು. ಟೆಕ್ಸಸ್ ಸಿಟಿ 1947ರದ್ದು. 2020ರ ಆಗಸ್ಟ್ 4ರಂದು ಬೈರೂತ್‌ನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದದ್ದನ್ನು ನಾವೆಲ್ಲ ಫೋನಿನಲ್ಲೇ ನೋಡಿದೆವು. ಬಂದರು, ಬೆಂಕಿ, ಗೋದಾಮಿನೊಳಗೆ ಏನಿದೆ ಅಂತ ಗೊತ್ತಿಲ್ಲದ ಜನ. ಊರು ಮಾತ್ರ ಬೇರೆ.

ಈಗ ಮುಂಬಯಿಗೆ ಹೋದರೆ ಆ ಜಾಗ ನೋಡಬಹುದಾ?

ವಿಕ್ಟೋರಿಯಾ ಡಾಕ್ ಈಗ ಮೊದಲಿನ ಹಾಗಿಲ್ಲ. ಕಂಟೇನರ್ ಕೆಲಸಕ್ಕೆಂದು ನೀರಿದ್ದ ಜಾಗವನ್ನೇ ತುಂಬಿಸಿದ್ದಾರೆ. ಬಂದರಿನೊಳಗೆ ಸುಮ್ಮನೆ ಬಿಡುವುದೂ ಇಲ್ಲ. ಬೈಕುಲಾದಲ್ಲಿ ಮುಂಬಯಿ ಅಗ್ನಿಶಾಮಕ ದಳದ ಮುಖ್ಯ ಕಚೇರಿ ಇದೆ, ಅಲ್ಲಿ ಸ್ಮಾರಕ ಇದೆ. ಏಪ್ರಿಲ್ 14ರಂದು ಅಲ್ಲಿ ಗೌರವ ಸಲ್ಲಿಸುತ್ತಾರೆ.

ಕೆಸರಿನಲ್ಲಿ ಇನ್ನೂ ಚಿನ್ನ ಉಳಿದಿದೆಯಾ?

ಈ ಪ್ರಶ್ನೆ ಕೇಳದೆ ಯಾರೂ ಎದ್ದು ಹೋಗಿಲ್ಲ. ಹೆಚ್ಚೂಕಮ್ಮಿ ಎಲ್ಲ ಗಟ್ಟಿಗಳೂ ಸಿಕ್ಕಿವೆ. ಡಾಕ್‌ನ ಆಳ ಕಾಯಲು ಆಗಾಗ ಹೂಳೆತ್ತುತ್ತಾರಲ್ಲ, ಆಗ ಒಂದೋ ಎರಡೋ ಗಟ್ಟಿ ಮೇಲೆ ಬರುತ್ತಿದ್ದವು. 1970ರ ದಶಕದವರೆಗೂ ಹೀಗೆ ಸಿಕ್ಕಿದ್ದಿದೆ, ಕೆಸರು ತೊಳೆದರೆ ಒಳಗೆ ಚಿನ್ನ ಹಾಗೇ ಹೊಳೆಯುತ್ತಿತ್ತು.

ನಮ್ಮ ಮನೆ ಟೆರೇಸ್ ಮೇಲೆ ಹೀಗೆ ಚಿನ್ನ ಬಿದ್ದರೆ ನಾವೇ ಇಟ್ಟುಕೊಳ್ಳಬಹುದಾ?

ಇದು ಪಕ್ಕದ ಮನೆ ಅಜ್ಜಿಯ ಪ್ರಶ್ನೆ. ಇಲ್ಲ ಅಜ್ಜಿ, ಆಗುವುದಿಲ್ಲ. ಮಣ್ಣಿನಲ್ಲಿ ಹುದುಗಿದ ನಿಧಿ ಸಿಕ್ಕರೂ, ಅದರ ಬೆಲೆ ಹತ್ತು ರೂಪಾಯಿ ಮೀರಿದ್ದರೆ ಕಲೆಕ್ಟರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯಿದೆ ಹೇಳುತ್ತದೆ. ಆಕಾಶದಿಂದ ಬಿದ್ದದ್ದಂತೂ ನಿಧಿಯೂ ಅಲ್ಲ. ಅದಕ್ಕೆ ಒಬ್ಬ ಮಾಲೀಕ ಇದ್ದೇ ಇರುತ್ತಾನೆ, ಇಟ್ಟುಕೊಂಡರೆ ಪೊಲೀಸ್ ಕೇಸು.

“999 ರೂಪಾಯಿನಾದ್ರೂ ಕೊಡ್ತಾರಲ್ಲ?” ಅಂದರು ಅಜ್ಜಿ.